ಎರಡನೇ ಪ್ಯಾಕೆಟ್ ಕೇಳುವವರೆಗೆ: ಸಣ್ಣ ಬ್ಯಾಚಿನಿಂದ ಉದ್ಯಮ ಶುರುಮಾಡುವ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಮಾಡಿದ ಶೇಂಗಾ ಚಟ್ನಿಪುಡಿಯನ್ನು ಹತ್ತು ಜನ ಹೊಗಳಿದರೆ, ಇದನ್ನೇ ಉದ್ಯಮ ಮಾಡೋಣ ಎಂಬ ಆಸೆ ಹುಟ್ಟುವುದು ಸಹಜ. ಅಲ್ಲಿಂದ ಮುಂದೆ ಬಹಳ ಮಂದಿ ಹಿಡಿಯುವ ದಾರಿ ಒಂದೇ: ಮೊದಲು ಯಂತ್ರ, ಆಮೇಲೆ ಬಾಡಿಗೆ ಜಾಗ, ಲೋಗೋ, ಸಾವಿರಗಟ್ಟಲೆ ಮುದ್ರಿಸಿದ ಪೌಚು, ಎಲ್ಲಕ್ಕಿಂತ ಕೊನೆಗೆ ಗಿರಾಕಿ. ಈ ಕ್ರಮವನ್ನು ಪೂರ್ತಿ ತಿರುವಿ ಹಾಕಬೇಕು. ಗಿರಾಕಿ ಮೊದಲು, ಯಂತ್ರ ಕೊನೆಗೆ.

ಅದಕ್ಕಿರುವ ಉಪಾಯವೇ ಆರಂಭಿಕ ಸರಳ ಆವೃತ್ತಿ. ಸ್ಟಾರ್ಟಪ್ ವಲಯದಲ್ಲಿ ಇದನ್ನು ಎಂವಿಪಿ (ಮಿನಿಮಮ್ ವಯಬಲ್ ಪ್ರಾಡಕ್ಟ್) ಎನ್ನುತ್ತಾರೆ. ಪೂರ್ತಿ ಸಿದ್ಧವಾಗದಿದ್ದರೂ ಗಿರಾಕಿಯ ಒಂದು ಅಗತ್ಯವನ್ನು ಚೆನ್ನಾಗಿ ಪೂರೈಸುವ, ದುಡ್ಡು ಕೊಟ್ಟು ಕೊಳ್ಳಬಹುದಾದ ಸರಕು ಅದು. ಅದರಿಂದ ನೀವು ತಿಳಿಯಬೇಕಾದದ್ದು ಒಂದೇ ಸಂಗತಿ: ಪರಿಚಯವಿಲ್ಲದ ವ್ಯಕ್ತಿ ಎರಡನೇ ಪ್ಯಾಕೆಟ್ ಕೇಳಿಕೊಂಡು ಬರುತ್ತಾನೋ ಇಲ್ಲವೋ. ಮೊದಲ ಪ್ಯಾಕೆಟ್ಟನ್ನು ಜನ ದಾಕ್ಷಿಣ್ಯಕ್ಕೆ, ಕುತೂಹಲಕ್ಕೆ, ನಿಮ್ಮ ಮುಖ ನೋಡಿ ಕೊಳ್ಳುತ್ತಾರೆ. ಎರಡನೆಯದನ್ನು ನಾಲಿಗೆ ಮತ್ತು ಜೇಬು ಎರಡೂ ಒಪ್ಪಿದರೆ ಮಾತ್ರ ಕೊಳ್ಳುತ್ತಾರೆ.

ಈ ಬರಹದುದ್ದಕ್ಕೂ ಚಟ್ನಿಪುಡಿಯ ಉದಾಹರಣೆಯನ್ನೇ ಇಟ್ಟುಕೊಳ್ಳುತ್ತೇನೆ. ನಿಮ್ಮದು ಹಪ್ಪಳ, ಸಾಬೂನು, ಬಟ್ಟೆಯ ಚೀಲ ಯಾವುದೇ ಆಗಿದ್ದರೂ ಹೆಜ್ಜೆಗಳು ಇವೇ. ಪರವಾನಗಿಯ ವಿವರ ಬೇರೆಯಾಗುತ್ತದೆ, ಅಷ್ಟೆ.

ಹೆಜ್ಜೆ 1: ಯಾರಿಗೆ, ಯಾವ ಹೊತ್ತಿಗೆ, ಯಾವುದರ ಬದಲು

‘ಎಲ್ಲರಿಗೂ ಇಷ್ಟವಾಗುತ್ತದೆ’ ಎಂಬುದರಿಂದ ಕೆಲಸ ಶುರುವಾಗುವುದಿಲ್ಲ. ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ. ಉದಾಹರಣೆಗೆ: ‘ಧಾರವಾಡ, ಗದಗ, ಬಾಗಲಕೋಟೆ ಕಡೆಯಿಂದ ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿರುವ ಹುಡುಗರು, ರಾತ್ರಿ ಮೆಸ್ಸಿನ ಸಪ್ಪೆ ಪಲ್ಯ ಒಗ್ಗದಾಗ, ಊರಿಂದ ಬರುವ ಡಬ್ಬಿ ಖಾಲಿಯಾದ ಮೇಲೆ ನನ್ನ ಚಟ್ನಿ ತಿನ್ನುತ್ತಾರೆ.’ ಇದರಲ್ಲಿ ಗಿರಾಕಿ ಇದ್ದಾನೆ, ಹೊತ್ತು ಇದೆ, ನಿಮ್ಮ ನಿಜವಾದ ಪ್ರತಿಸ್ಪರ್ಧಿಯೂ ಇದ್ದಾಳೆ: ಆ ಹುಡುಗನ ಅವ್ವ. ಅಂಗಡಿಯ ದೊಡ್ಡ ಬ್ರ್ಯಾಂಡ್ ಆಮೇಲಿನ ಮಾತು. ಅವ್ವನ ಡಬ್ಬಿ ಖಾಲಿಯಾಗಿ ಮುಂದಿನದು ಬರುವವರೆಗಿನ ದಿನಗಳೇ ನಿಮ್ಮ ಮಾರುಕಟ್ಟೆ.

ಅದೇ ಚಟ್ನಿಯನ್ನು ಶಾಲೆಗೆ ಹೋಗುವ ಮಕ್ಕಳ ಡಬ್ಬಿಗೆಂದು ಮಾರುವುದಾದರೆ ಖಾರ, ಬೆಲೆ, ಪ್ಯಾಕೆಟ್ಟಿನ ಗಾತ್ರ ಎಲ್ಲವೂ ಬದಲಾಗುತ್ತವೆ. ಹಾಗಾಗಿ ಎರಡು ವಾಕ್ಯ ಬರೆದು ಎರಡನ್ನೂ ಹಿಡಿಯಬೇಡಿ.

ಹೆಜ್ಜೆ 2: ನಿನ್ನೆಯದನ್ನು ಕೇಳಿ, ನಾಳೆಯದನ್ನಲ್ಲ

‘ನಾನು ಚಟ್ನಿಪುಡಿ ಮಾಡಿದರೆ ಕೊಳ್ಳುತ್ತೀರಾ?’ ಎಂದು ಕೇಳಿದರೆ ನಮ್ಮಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ‘ಛಲೋ ಆತು, ಮಾಡ್ರಿ’ ಎಂದು ಬೆನ್ನು ತಟ್ಟುತ್ತಾರೆ. ಆ ಉತ್ತರದ ಮೇಲೆ ಒಂದು ರೂಪಾಯಿಯನ್ನೂ ಹೂಡಬಾರದು. ಆಗಿಹೋದದ್ದನ್ನು ಕೇಳಿ: ಕಳೆದ ಸಲ ಚಟ್ನಿಪುಡಿ ಎಲ್ಲಿಂದ ಬಂತು? ಎಷ್ಟು ಕೊಟ್ಟಿರಿ? ಎಷ್ಟು ದಿನಕ್ಕೆ ಮುಗಿಯಿತು? ಮುಗಿದ ಮೇಲೆ ಏನು ಮಾಡಿದಿರಿ? ಕೊಂಡದ್ದರಲ್ಲಿ ಯಾವುದು ಹಿಡಿಸಲಿಲ್ಲ?

ಹತ್ತು ಹದಿನೈದು ಜನರೊಂದಿಗೆ ಹೀಗೆ ಮಾತಾಡಿದರೆ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಒಬ್ಬರು ‘ಪೂರಾ ಹಿಟ್ಟಾಗಿರತದ’ ಅನ್ನುತ್ತಾರೆ, ಇನ್ನೊಬ್ಬರು ‘ಬಳ್ಳೊಳ್ಳಿ ವಾಸನೀನೇ ಇರಂಗಿಲ್ಲ’ ಅನ್ನುತ್ತಾರೆ. ಅವರ ಮಾತನ್ನು ಅವರದೇ ಭಾಷೆಯಲ್ಲಿ ಬರೆದಿಡಿ. ಮುಂದೆ ಲೇಬಲ್ ಮೇಲೆ ಏನು ಬರೆಯಬೇಕೆಂದು ಯೋಚಿಸುವಾಗ ಇವೇ ಮಾತುಗಳು ಕೈಹಿಡಿಯುತ್ತವೆ.

ಹೆಜ್ಜೆ 3: ಒಂದು ಚಟ್ನಿ, ಒಂದು ಗಾತ್ರ

ಶೇಂಗಾ, ಅಗಸಿ, ಗುರೆಳ್ಳು, ಪುಟಾಣಿ ಎಲ್ಲವೂ ನಿಮಗೆ ಬರಬಹುದು. ಆದರೆ ಈಗ ಮಾಡಬೇಕಾದದ್ದು ಒಂದೇ. ನಾಲ್ಕು ಬಗೆ ಇಟ್ಟುಕೊಂಡು ಕೂತರೆ ಮಾರಾಟ ಕುಂದಿದಾಗ ತಪ್ಪು ರುಚಿಯದೋ, ಬೆಲೆಯದೋ, ಗಿರಾಕಿಗಾದ ಗೊಂದಲವೋ ಎಂದು ಹೇಳಲಾಗದು. ಮೊದಲ ಸರಕಿಗೆ ನಾನು ಅಗಸಿಗಿಂತ ಶೇಂಗಾವನ್ನೇ ಆರಿಸುತ್ತೇನೆ. ಅಗಸಿಯ ಎಣ್ಣೆ ಗಾಳಿ ತಗುಲಿದರೆ ಬಲು ಬೇಗ ಕಮಟಾಗುತ್ತದೆ. ಹೊಸಬರಿಗೆ ಅದನ್ನು ಕಾಪಾಡುವುದು ಕಷ್ಟ.

ಬಿಟ್ಟುಬಿಡಬಹುದಾದ್ದು ಬಹಳ ಇದೆ: ಬಣ್ಣದ ಮುದ್ರಣದ ಪೌಚು, ವೆಬ್‌ಸೈಟ್, ವಿಸಿಟಿಂಗ್ ಕಾರ್ಡು, ಪುಡಿಮಾಡುವ ಪಲ್ವರೈಸರ್ ಯಂತ್ರ, ಉಡುಗೊರೆ ಪೆಟ್ಟಿಗೆ. ಬಿಡಲಾಗದ್ದು ಮೂರು: ರುಚಿ, ಶುಚಿ, ತೂಕ. ಸರಳ ಆವೃತ್ತಿ ಎಂದರೆ ಅರೆಬರೆ ಸರಕು ಎಂದು ತಿಳಿದವರು ಇಲ್ಲಿಯೇ ಸೋಲುತ್ತಾರೆ. ತಿನ್ನುವ ವಸ್ತುವಿನಲ್ಲಂತೂ ಒಮ್ಮೆ ಹೊಟ್ಟೆ ಕೆಟ್ಟ ಗಿರಾಕಿ ಮತ್ತೆ ಬರುವುದಿಲ್ಲ, ಬರುವವರನ್ನೂ ತಡೆಯುತ್ತಾನೆ.

ಮೊದಲ ಬ್ಯಾಚು 3 ಕಿಲೋ ಸಾಕು. 200 ಗ್ರಾಂನ 15 ಪ್ಯಾಕೆಟ್ ಆಗುತ್ತವೆ. ಶೇಂಗಾ ಆರಿಸುವಾಗ ಮುರುಟಿದ, ಬಣ್ಣಗೆಟ್ಟ, ಬೂಷ್ಟು ತಗುಲಿದ ಕಾಳುಗಳನ್ನು ಒಂದೂ ಬಿಡದೆ ತೆಗೆಯಿರಿ. ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಒಳಗಿನವರೆಗೆ ಹುರಿಯಿರಿ, ಪೂರ್ತಿ ಆರಿದ ಮೇಲೆ ಸಿಪ್ಪೆ ತೆಗೆಯಿರಿ. ಬಿಸಿಯಿದ್ದಾಗಲೇ ಪುಡಿಮಾಡಿ ಕಟ್ಟಿದರೆ ಪೌಚಿನೊಳಗೆ ಆವಿ ಕೂತು ಪುಡಿ ಗಂಟಾಗುತ್ತದೆ. ಮನೆಗೆ ಮಾಡುವಾಗ ಹಸಿ ಬೆಳ್ಳುಳ್ಳಿ ಕುಟ್ಟಿ ಹಾಕುತ್ತೇವೆ. ಮಾರಾಟದ ಪ್ಯಾಕೆಟ್ಟಿಗೆ ಆ ತೇವವೇ ಶತ್ರು. ತೆಳ್ಳಗೆ ಹೆಚ್ಚಿ, ತೇವ ಆರುವವರೆಗೆ ಬೆಚ್ಚಗೆ ಹುರಿದು ಬಳಸಿ. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಟ್ಟು ಬಿಟ್ಟು ತಿರುವಬೇಕು. ಒರಳಲ್ಲಿ ಕುಟ್ಟಿದ್ದಾದರೆ ತರಿತರಿ ಉಳಿಯುತ್ತದೆ. ‘ಪೂರಾ ಹಿಟ್ಟಾಗಿರತದ’ ಎಂದು ದೂರಿದವರಿಗೆ ಬೇಕಾಗಿದ್ದದ್ದು ಅದೇ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಬೆರೆಸುವುದು ಎಲ್ಲರೂ ಬಲ್ಲ ಲೆಕ್ಕ.

ಪ್ರತಿಯೊಂದನ್ನೂ ತೂಗಿ ಹಾಕಿ, ಬರೆದಿಡಿ. ‘ಒಂದು ಹಿಡಿ’, ‘ಹದಕ್ಕೆ ತಕ್ಕಷ್ಟು’ ಎಂಬ ಅಳತೆ ಅಡುಗೆಮನೆಗೆ ಸರಿ. ಎರಡನೇ ಬ್ಯಾಚು ಮೊದಲಿನಂತೆಯೇ ಬರಬೇಕಾದರೆ ಉಪ್ಪಿನ ಗ್ರಾಂ ಕೂಡ ಪುಸ್ತಕದಲ್ಲಿರಬೇಕು. ಹುರಿದು ಸಿಪ್ಪೆ ತೆಗೆದ ಮೇಲೆ ಎಷ್ಟು ತೂಕ ಉಳಿಯಿತೆಂದೂ ಬರೆಯಿರಿ. ಬೆಲೆ ಕಟ್ಟುವಾಗ ಬೇಕಾಗುತ್ತದೆ.

ಹೆಜ್ಜೆ 4: ಕಾಗದಪತ್ರ ಮತ್ತು ಲೇಬಲ್

ಹದಿನೈದೇ ಪ್ಯಾಕೆಟ್ ಆದರೂ ಮಾರಾಟ ಮಾರಾಟವೇ. ತಿನ್ನುವ ವಸ್ತು ಮಾರುವವರಿಗೆ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. ಮನೆಯ ಅಡುಗೆಮನೆಯ ವಿಳಾಸಕ್ಕೂ ಕೊಡುತ್ತಾರೆ. ಸಣ್ಣ ವಹಿವಾಟಿನವರಿಗೆ ಮೂಲ ನೋಂದಣಿ ಸಾಕು. ಅರ್ಜಿಯನ್ನು ಅವರ ಪೋರ್ಟಲ್‌ನಲ್ಲಿ ಸಲ್ಲಿಸಿದರೆ 14 ಅಂಕಿಯ ಸಂಖ್ಯೆ ಸಿಗುತ್ತದೆ. ಅದು ಲೇಬಲ್ ಮೇಲೆ ಇರಬೇಕು.

ಲೇಬಲ್ ಸಾದಾ ಸ್ಟಿಕ್ಕರ್ ಆಗಿರಲಿ, ತೊಂದರೆಯಿಲ್ಲ. ಆದರೆ ಅದರಲ್ಲಿ ಇವಿಷ್ಟು ಬೇಕೇ ಬೇಕು: ಸರಕಿನ ಹೆಸರು, ಹೆಚ್ಚು ತೂಕದಿಂದ ಕಡಿಮೆ ತೂಕದ ಕ್ರಮದಲ್ಲಿ ಸಾಮಗ್ರಿಗಳು, ಶೇಂಗಾ ಇದೆ ಎಂಬ ಅಲರ್ಜಿ ಸೂಚನೆ, ಚೌಕದೊಳಗಿನ ಹಸಿರು ಗುರುತು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಬಳಸಬಹುದಾದ ಕೊನೆಯ ದಿನಾಂಕ, ನಿಮ್ಮ ಹೆಸರು, ವಿಳಾಸ, ದೂರು ಹೇಳಲು ಫೋನ್ ಸಂಖ್ಯೆ. ಗ್ರಾಂ ಒಂದಕ್ಕೆ ಎಷ್ಟು ಬೆಲೆ ಎಂಬುದನ್ನೂ ಮುದ್ರಿಸಬೇಕು. 200 ಗ್ರಾಂಗೆ 120 ರೂಪಾಯಿ ಆದರೆ ಗ್ರಾಂಗೆ 0.60 ರೂಪಾಯಿ. ಪೌಷ್ಟಿಕಾಂಶದ ಪಟ್ಟಿಯಂಥ ಉಳಿದ ನಿಯಮಗಳಲ್ಲಿ ನಿಮಗೆ ಯಾವುವು ಅನ್ವಯಿಸುತ್ತವೆ ಎಂಬುದನ್ನು ನೋಂದಣಿಯ ಹೊತ್ತಿಗೇ ಆಹಾರ ಸುರಕ್ಷತಾ ಅಧಿಕಾರಿಯ ಬಳಿ ಕೇಳಿಕೊಳ್ಳಿ.

ಪ್ಯಾಕ್ ಮಾಡಿ ಮಾರುವವರು, ತೂಕ-ಅಳತೆ ನೋಡಿಕೊಳ್ಳುವ ಕಾನೂನು ಮಾಪನ ಶಾಸ್ತ್ರ ಇಲಾಖೆಯಲ್ಲಿ ಪ್ಯಾಕರ್ ಆಗಿ, ಪ್ಯಾಕಿಂಗ್ ಶುರುಮಾಡಿದ 90 ದಿನದೊಳಗೆ ನೋಂದಾಯಿಸಬೇಕು. ತಕ್ಕಡಿಗೂ ಅದೇ ಇಲಾಖೆಯ ಮುದ್ರೆ ಬೇಕು. ಜಿಎಸ್‌ಟಿ ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ: ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಕಳಿಸುವ ಮೊದಲು ಮಾತ್ರ ಲೆಕ್ಕಪರಿಶೋಧಕರನ್ನು ಕೇಳಿ.

ಹೆಜ್ಜೆ 5: ಬೆಲೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮನೆಯಿಂದ ಶುರುವಾದ ಎಷ್ಟೋ ಒಳ್ಳೆಯ ಸರಕುಗಳು ರುಚಿಯಲ್ಲಿ ಗೆದ್ದು ಬೆಲೆಯಲ್ಲಿ ಸೋತಿವೆ. ಕಾರಣ ಒಂದೇ, ಮನೆಯ ಹೆಂಗಸರ ದುಡಿಮೆಗೆ ಲೆಕ್ಕವೇ ಇಲ್ಲದಿರುವುದು.

ಒಂದು ಮಾದರಿ ಲೆಕ್ಕ ನೋಡೋಣ. ಅಂಕಿಗಳು ತಿಳಿವಳಿಕೆಗಾಗಿ, ನಿಮ್ಮ ಊರಿನ ಧಾರಣೆ ಹಾಕಿಕೊಳ್ಳಿ. 200 ಗ್ರಾಂನ ಪ್ಯಾಕೆಟ್ ಒಂದಕ್ಕೆ ಸಾಮಗ್ರಿ 42 ರೂಪಾಯಿ, ಪೌಚು ಮತ್ತು ಲೇಬಲ್ 8, ಗ್ಯಾಸು-ಕರೆಂಟು 4, ಚೆಲ್ಲಿದ್ದು-ಸೀದದ್ದು-ರುಚಿಗೆ ಕೊಟ್ಟದ್ದು 5. 3 ಕಿಲೋ ಮಾಡಿ ಕಟ್ಟಲು ನಾಲ್ಕು ತಾಸು ಹಿಡಿದರೆ, ತಾಸಿಗೆ 60 ರೂಪಾಯಿಯಂತೆ 240. ಅದನ್ನು 15 ಪ್ಯಾಕೆಟ್ಟಿಗೆ ಹಂಚಿದರೆ ತಲಾ 16. ಒಟ್ಟು 75 ರೂಪಾಯಿ.

ಇದನ್ನು 100 ರೂಪಾಯಿಗೆ ನೇರವಾಗಿ ಮಾರಿದರೆ 25 ಉಳಿಯಿತೆಂದು ಖುಷಿಯಾಗುತ್ತದೆ. ನಾಳೆ ಅಂಗಡಿಗೆ ಕೊಡುವಾಗ ಅಂಗಡಿಯವರು ಗರಿಷ್ಠ ಬೆಲೆಯ ಮೇಲೆ ಶೇ. 25 ಕೇಳಿದರೆ ನಿಮ್ಮ ಕೈಗೆ 75 ಬರುತ್ತದೆ. ಉಳಿಯುವುದು ಸೊನ್ನೆ. ಅಂಗಡಿಗೆ ಮುಟ್ಟಿಸಲು ಪೆಟ್ರೋಲ್ ಸುಟ್ಟರೆ ಅದಷ್ಟೂ ನಷ್ಟ. 120 ರೂಪಾಯಿ ಇಟ್ಟರೆ ಅಂಗಡಿಯ ಪಾಲು 30, ನಿಮಗೆ 90, ಸಾಗಣೆಗೆ 6 ಹೋದರೆ 9 ರೂಪಾಯಿ ಉಳಿಯುತ್ತದೆ. ತೆಳ್ಳಗಿನ ಲಾಭವೇ ಆದರೂ ಲಾಭ. ಆದ್ದರಿಂದ ನೇರ ಮಾರಾಟ ಮಾಡುವಾಗಲೂ ಮೊದಲ ದಿನದಿಂದಲೇ ಅಂಗಡಿಯ ಲೆಕ್ಕ ಹಾಕಿದ ಬೆಲೆಯನ್ನೇ ಇಡಿ. ‘ಪರಿಚಯದ ಬೆಲೆ’ ಎಂದು 80ಕ್ಕೆ ಮಾರಿದರೆ ಎರಡನೇ ಪ್ಯಾಕೆಟ್ ಕೇಳಿ ಬಂದವರು 80ರ ಗಿರಾಕಿಗಳು. 120ಕ್ಕೆ ಅವರು ಬರುತ್ತಾರೋ ಇಲ್ಲವೋ ನಿಮಗೆ ತಿಳಿಯಲೇ ಇಲ್ಲ.

ನಿಮ್ಮ ದುಡಿಮೆಯ 60 ರೂಪಾಯಿಯನ್ನು ಯಾವ ಕಾರಣಕ್ಕೂ ಲೆಕ್ಕದಿಂದ ತೆಗೆಯಬೇಡಿ. ಮುಂದೊಂದು ದಿನ ಆ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡಾಗ ಅವರಿಗೆ ಕೊಡಬೇಕಾದ ಹಣ ಅದು.

ಹೆಜ್ಜೆ 6: ಮೊದಲ ಗಿರಾಕಿಗಳು ನೆಂಟರಾಗಿರಬಾರದು

ಸಂಬಂಧಿಕರು, ಗೆಳೆಯರು ಕೊಂಡರೆ ಸಂತೋಷದಿಂದ ಕೊಡಿ, ಆದರೆ ಲೆಕ್ಕದ ಪುಸ್ತಕದಲ್ಲಿ ಅವರಿಗೆ ಬೇರೆ ಪುಟ ಇರಲಿ. ಹೆಜ್ಜೆ 1ರಲ್ಲಿ ಬರೆದ ವಾಕ್ಯದ ಗಿರಾಕಿ ಎಲ್ಲಿ ಸಿಗುತ್ತಾನೋ ಅಲ್ಲಿಗೆ ಹೋಗಿ. ನಮ್ಮ ಉದಾಹರಣೆಯಲ್ಲಿ ಅದು ಪಿ.ಜಿ.ಗಳ ಓಣಿ, ಖಾನಾವಳಿಯ ಗಲ್ಲಾ, ಅಪಾರ್ಟ್‌ಮೆಂಟಿನ ಭಾನುವಾರದ ಸಂತೆ. ಬಿಸಿ ರೊಟ್ಟಿಯ ಚೂರಿನ ಮೇಲೆ ಚಟ್ನಿ, ಮೊಸರು ಹಾಕಿ ರುಚಿ ತೋರಿಸಿ. ಪ್ಯಾಕೆಟ್ಟನ್ನು ಮಾತ್ರ ಪುಕ್ಕಟೆ ಕೊಡಬೇಡಿ. ಪುಕ್ಕಟೆ ತಿಂದವರು ಯಾವತ್ತೂ ಚೆನ್ನಾಗಿದೆ ಅನ್ನುತ್ತಾರೆ.

ಆರ್ಡರ್ ಹಿಡಿಯಲು ವಾಟ್ಸಾಪ್ ಬಿಸಿನೆಸ್, ದುಡ್ಡಿಗೆ ಯುಪಿಐ ಕ್ಯೂಆರ್ ಸಾಕು. ಆ್ಯಪ್, ವೆಬ್‌ಸೈಟಿನ ಕೆಲಸವನ್ನೆಲ್ಲ ಈಗ ಕೈಯಿಂದಲೇ ಮಾಡಿ. 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದು ಪುಸ್ತಕಗಳನ್ನು ಮಾತ್ರ. ಆರ್ಡರ್ ಬಂದ ಮೇಲೆ ಪುಸ್ತಕ ತಂದು, ಸ್ಥಾಪಕರೇ ಕಟ್ಟಿ ಕಳಿಸುತ್ತಿದ್ದರು. 2006ರಲ್ಲಿ ಶುರುವಾದ ರೆಡ್‌ಬಸ್‌ನವರು ಬಸ್ ಮಾಲೀಕರಿಗೆ ಸಾಫ್ಟ್‌ವೇರ್ ಕೊಡಲು ಹೊರಟಿದ್ದರು. ಮಾಲೀಕರು ಆಸಕ್ತಿ ತೋರಿಸದಿದ್ದಾಗ ಕೆಲವೇ ಸೀಟುಗಳನ್ನು ಪಡೆದು ತಾವೇ ಟಿಕೆಟ್ ಮಾರತೊಡಗಿದರು. ಸೇವೆ ಅಥವಾ ಆ್ಯಪ್ ಕಟ್ಟಲು ಹೊರಟವರಿಗೂ ಇದೇ ದಾರಿ: ತೆರೆಯ ಹಿಂದೆ ಮನುಷ್ಯರೇ ಕೆಲಸ ಮಾಡಲಿ, ಗಿರಾಕಿಗೆ ಕೆಲಸ ಆದರೆ ಸಾಕು.

ಹೆಜ್ಜೆ 7: ಪುಸ್ತಕ ಹೇಳುವುದನ್ನು ಕೇಳಿ

ಒಂದು ಉದ್ದನೆಯ ಪುಸ್ತಕ ತೆಗೆದುಕೊಳ್ಳಿ. ಗಿರಾಕಿಯ ಹೆಸರು, ಕೊಂಡ ದಿನ, ಬ್ಯಾಚ್ ಸಂಖ್ಯೆ, ಎಲ್ಲಿ ಸಿಕ್ಕರು, ಮತ್ತೆ ಕೊಂಡ ದಿನ, ತಾವಾಗಿಯೇ ಕೇಳಿದರೋ ನೀವು ನೆನಪಿಸಿದಿರೋ, ಏನೆಂದರು. ಇದರಲ್ಲಿ ‘ತಾವಾಗಿಯೇ ಕೇಳಿದರೋ’ ಎಂಬ ಅಂಕಣವೇ ನಿಮ್ಮ ಉದ್ಯಮದ ಭವಿಷ್ಯ.

ಮಾರುವ ಮೊದಲೇ ಒಂದು ಗುರಿ ಬರೆದಿಡಿ. ನಾನಾದರೆ ಹೀಗೆ ಬರೆಯುತ್ತೇನೆ: ಪರಿಚಯವಿಲ್ಲದ 30 ಮಂದಿಗೆ ಪೂರ್ತಿ ಬೆಲೆಗೆ ಮಾರುವುದು, ಆರು ವಾರದೊಳಗೆ 10 ಮಂದಿ ತಾವಾಗಿಯೇ ಮತ್ತೆ ಕೇಳಿದರೆ ಮುಂದುವರಿಯುವುದು, ಐದಕ್ಕಿಂತ ಕಡಿಮೆಯಾದರೆ ನಿಲ್ಲಿಸಿ ಬೇರೆ ಯೋಚನೆ ಮಾಡುವುದು. ಗುರಿ ಮೊದಲೇ ಬರೆದಿರದಿದ್ದರೆ ಆಮೇಲೆ ಮೂರು ಮಂದಿ ಬಂದರೂ ಮನಸ್ಸು ಅದನ್ನೇ ಗೆಲುವೆಂದು ವಾದಿಸುತ್ತದೆ.

ಮತ್ತೆ ಬರದವರಿಗೆ ಫೋನ್ ಮಾಡಿ. ‘ಹೇಗಿತ್ತು?’ ಎಂದು ಕೇಳಬೇಡಿ, ‘ಚೆನ್ನಾಗಿತ್ತು’ ಎಂದು ಮುಗಿಸುತ್ತಾರೆ. ‘ಪ್ಯಾಕೆಟ್ಟಿನಲ್ಲಿ ಇನ್ನೂ ಎಷ್ಟು ಉಳಿದಿದೆ?’ ಎಂದು ಕೇಳಿ. ಅರ್ಧ ಉಳಿದಿದ್ದರೆ ಖಾರ ಹೆಚ್ಚಾಗಿರಬಹುದು, ಗಾತ್ರ ದೊಡ್ಡದಾಗಿರಬಹುದು, ತಿನ್ನುವ ಹೊತ್ತು ಅವರ ದಿನಚರಿಯಲ್ಲೇ ಇಲ್ಲದಿರಬಹುದು. ವಾರದೊಳಗೆ ಖಾಲಿಯಾಗಿದ್ದೂ ಮತ್ತೆ ಕೇಳಿಲ್ಲವಾದರೆ ರುಚಿ ಗೆದ್ದಿದೆ. ನಿಮ್ಮನ್ನು ಮತ್ತೆ ಹುಡುಕುವುದು ಕಷ್ಟವಾಗಿದೆ, ಇಲ್ಲವೇ ಬೆಲೆ ಭಾರವಾಗಿದೆ. ಇವೆರಡಕ್ಕೂ ಮದ್ದು ಬೇರೆ ಬೇರೆ.

ಬದಲಾಯಿಸುವಾಗ ಒಂದು ಬ್ಯಾಚಿಗೆ ಒಂದೇ ಬದಲಾವಣೆ. ಖಾರವನ್ನೂ ಬೆಲೆಯನ್ನೂ ಒಟ್ಟಿಗೆ ತಗ್ಗಿಸಿದರೆ ಫಲ ಕೊಟ್ಟದ್ದು ಯಾವುದು ಎಂದು ಗೊತ್ತಾಗದು.

ಹೆಜ್ಜೆ 8: ಎಷ್ಟು ದಿನ ತಾಳುತ್ತದೆ

ಇದು ಮಾರಾಟದ ಜೊತೆಜೊತೆಗೇ ನಡೆಯಬೇಕು. ಮೊದಲ ಬ್ಯಾಚಿನ 15ರಲ್ಲಿ 5 ಪ್ಯಾಕೆಟ್ ಎತ್ತಿಡಿ. ಇದು ಕಲಿಕೆಯ ಖರ್ಚು, ಬೆಲೆಗೆ ಸೇರಿಸಬೇಡಿ. ತಂಪಾದ ಕಪಾಟಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಅಂಗಡಿಯ ಕಪಾಟಿನಂತೆ ಬೆಳಕು, ಸೆಕೆ ಇರುವ ಕಡೆ ಇಡಿ. ಎರಡು ವಾರಕ್ಕೊಂದು ಒಡೆದು ಮೂಸಿ, ನಾಲಿಗೆಗೆ ಹಚ್ಚಿ ನೋಡಿ. ಶೇಂಗಾ ಎಣ್ಣೆಯ ಕಮಟು ಮೂಗಿಗೆ ಬೇಗ ಗೊತ್ತಾಗುತ್ತದೆ. ಎಣ್ಣೆಯನ್ನು ಕೆಡಿಸುವುದು ಗಾಳಿ, ಬೆಳಕು, ಶಾಖ. ಬೂಷ್ಟು ತರಿಸುವುದು ತೇವ. ಪಾರದರ್ಶಕ ಪೌಚು ನೋಡಲು ಚಂದ, ಆದರೆ ಅಲ್ಯೂಮಿನಿಯಂ ಪದರವಿರುವುದು ಬೆಳಕನ್ನೂ ಗಾಳಿಯನ್ನೂ ಚೆನ್ನಾಗಿ ತಡೆಯುತ್ತದೆ.

ಕಮಟು ಶುರುವಾಗುವುದಕ್ಕೆ ಬಹಳ ಮುಂಚಿನ ದಿನವನ್ನೇ ಲೇಬಲ್ ಮೇಲೆ ಹಾಕಿ. ಮಾರಾಟ ಬೆಳೆಯುವ ಸೂಚನೆ ಕಂಡಾಗ ಮಾನ್ಯತೆ ಪಡೆದ ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಮೈಸೂರಿನ ಸಿಎಫ್‌ಟಿಆರ್‌ಐ ಇಂಥ ಸಣ್ಣ ಉದ್ಯಮಿಗಳಿಗೆ ತರಬೇತಿ, ತಂತ್ರಜ್ಞಾನ ಎರಡನ್ನೂ ಕೊಡುವ ಕೇಂದ್ರ ಸರ್ಕಾರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. ಅದು ನಮ್ಮ ರಾಜ್ಯದಲ್ಲೇ ಇರುವುದು ದೊಡ್ಡ ಅನುಕೂಲ.

ಹೆಜ್ಜೆ 9: ಮೂರು ಅಂಗಡಿ, ಅದಕ್ಕಿಂತ ಹೆಚ್ಚು ಬೇಡ

ನೇರ ಗಿರಾಕಿಗಳ ಗುರಿ ಮುಟ್ಟಿದ ಮೇಲೆ ಮಾತ್ರ ಅಂಗಡಿ. ಇಲ್ಲಿನ ಪ್ರಶ್ನೆ ಬೇರೆ: ನೀವು ಪಕ್ಕದಲ್ಲಿ ನಿಂತು ಮಾತಾಡದಿದ್ದರೂ ಸರಕು ಹೋಗುತ್ತದೆಯೇ?

ಐಡಿ ಫ್ರೆಶ್ ಫುಡ್ ಕಂಪನಿಯ ಆರಂಭ ಇದಕ್ಕೆ ಒಳ್ಳೆಯ ಪಾಠ. 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ಬೆಂಗಳೂರಿನ ತಿಪ್ಪಸಂದ್ರದಲ್ಲಿ ಸುಮಾರು 50 ಚದರ ಅಡಿಯ ಅಡುಗೆಮನೆಯಲ್ಲಿ ಇಡ್ಲಿ-ದೋಸೆ ಹಿಟ್ಟು ರುಬ್ಬಿ, ಸುತ್ತಲಿನ 20 ಅಂಗಡಿಗಳಿಗೆ ಕೊಡುತ್ತಿದ್ದರು. ದಿನಕ್ಕೆ 100 ಪ್ಯಾಕೆಟ್ ಎಂಬುದು ಅವರ ಮೊದಲ ಗುರಿ. ಅದನ್ನು ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು. ಹಿಟ್ಟು ಮನೆಮನೆಗೂ ದಿನನಿತ್ಯ ಬೇಕಾದ ವಸ್ತು, ಆದರೂ ಅಷ್ಟು ಸಮಯ ಬೇಕಾಯಿತು. ಚಟ್ನಿಪುಡಿಗೆ ತಾಳ್ಮೆ ಇನ್ನೂ ಹೆಚ್ಚು ಬೇಕು.

ಒಂದೊಂದು ಅಂಗಡಿಗೆ 6 ಪ್ಯಾಕೆಟ್ ಕೊಡಿ. ಹೊಸಬರಿಗೆ ಅಂಗಡಿಯವರು ‘ಮಾರಾಟ ಆದಮೇಲೆ ದುಡ್ಡು’ ಅನ್ನುವುದು ವಾಡಿಕೆ; ಮೊದಲ ಸಲ ಒಪ್ಪಿಕೊಳ್ಳಿ, ಚೀಟಿ ಬರೆಸಿಕೊಳ್ಳಿ. ಎರಡನೇ ಸಲ ಹಳೆಯ ಬಾಕಿ ತೀರದೆ ಹೊಸ ಸರಕು ಇಳಿಸಬೇಡಿ. ಸಣ್ಣ ಉದ್ಯಮವನ್ನು ನಷ್ಟಕ್ಕಿಂತ ಬೇಗ ಮುಳುಗಿಸುವುದು ಉದ್ರಿ. ಪ್ರತಿ ವಾರ ಅದೇ ದಿನ ಹೋಗಿ ಎಣಿಸಿ. ದಿನಾಂಕ ಹತ್ತಿರವಾದದ್ದನ್ನು ನೀವೇ ವಾಪಸ್ ತನ್ನಿ, ಕಮಟು ಪ್ಯಾಕೆಟ್ ನಿಮ್ಮ ಹೆಸರಿನಲ್ಲಿ ಅಂಗಡಿಯಲ್ಲಿ ಕೂರಬಾರದು. ಯಾವ ಅಂಗಡಿಯವರು ಫೋನ್ ಮಾಡಿ ‘ಇನ್ನೊಂದು ಡಜನ್ ಕಳಿಸ್ರಿ’ ಅನ್ನುತ್ತಾರೋ ಅವರೇ ನಿಮ್ಮ ಎರಡನೇ ಪ್ಯಾಕೆಟ್ಟಿನ ಅಂಗಡಿ.

ಹೆಜ್ಜೆ 10: ಹಣ ಹೂಡುವುದು ಯಾವಾಗ, ನಿಲ್ಲಿಸುವುದು ಯಾವಾಗ

ಎರಡು ತಿಂಗಳು ಎಡೆಬಿಡದೆ, ಕೈಯಲ್ಲಿ ಮಾಡಿ ಪೂರೈಸಲಾಗದಷ್ಟು ಬೇಡಿಕೆ ಬಂದಾಗ ಯಂತ್ರದ ಮಾತು ತೆಗೆಯಿರಿ. ಆಗಲೂ ಕೊಳ್ಳುವ ಮೊದಲು ಬಾಡಿಗೆಗೆ ಸಿಗುತ್ತದೆಯೇ ನೋಡಿ. ಹತ್ತಿರದ ಗಿರಣಿಯವರು ಬೆಳಗಿನ ಹೊತ್ತು ಯಂತ್ರ ತೊಳೆದು ಕೊಡಲು ಒಪ್ಪಿದರೆ ಲಕ್ಷ ರೂಪಾಯಿ ಕೈಯಲ್ಲೇ ಉಳಿಯಿತು. ಕಡಲೆಬೇಳೆ, ಗೋಧಿಯ ಹಿಟ್ಟು ಬೆರೆಯದಂತೆ ಎಚ್ಚರ ವಹಿಸಿ, ಅಲರ್ಜಿ ಸೂಚನೆಯನ್ನು ಅದಕ್ಕೆ ತಕ್ಕಂತೆ ತಿದ್ದಿ.

ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ. ದುಡ್ಡು ಕೇಳುವ ಮಧ್ಯವರ್ತಿ ಬೇಕಿಲ್ಲ. ಸಣ್ಣ ಆಹಾರ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜೊತೆ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಕರ್ನಾಟಕ ಅದರ ಮೇಲೆ ಶೇ. 15 ಸೇರಿಸಿತ್ತು. ಅರ್ಜಿ ಹಾಕುವ ದಿನಕ್ಕೆ ಯಾವ ಯೋಜನೆ ಜಾರಿಯಲ್ಲಿದೆ ಎಂದು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಸಹಾಯಧನ ಸಿಗುತ್ತದೆಂಬ ಕಾರಣಕ್ಕೇ ಯಂತ್ರ ಕೊಳ್ಳಬೇಡಿ. ಅದು ಬಂದರೂ ಉಳಿದ ಸಾಲದ ಕಂತು ನಿಮ್ಮದೇ. ಬ್ಯಾಂಕಿಗೆ ಹೋಗುವಾಗ ಆ ಉದ್ದನೆಯ ಪುಸ್ತಕವನ್ನೂ ಒಯ್ಯಿರಿ. ಮೂರು ತಿಂಗಳ ಮಾರಾಟ, ಯುಪಿಐ ಜಮೆಗಳ ಜೊತೆ ತಾಳೆಯಾಗುವ ಲೆಕ್ಕ ಇದ್ದರೆ ಮ್ಯಾನೇಜರ್ ಕೇಳುವ ಪ್ರಶ್ನೆಗಳೇ ಬದಲಾಗುತ್ತವೆ.

ಗುರಿ ಮುಟ್ಟದಿದ್ದರೆ, ಒಂದೊಂದೇ ಬದಲಾವಣೆಯ ಮೂರು ಬ್ಯಾಚಿನ ನಂತರವೂ ಪುಸ್ತಕದ ಆ ಅಂಕಣ ಖಾಲಿಯೇ ಉಳಿದರೆ, ಈ ಸರಕನ್ನು ಬಿಡಿ. ಆಗ ನೀವು ಕಳೆದುಕೊಂಡದ್ದು ಕೆಲವು ಸಾವಿರ ರೂಪಾಯಿ ಮತ್ತು ಒಂದಿಷ್ಟು ಭಾನುವಾರಗಳು. ನೋಂದಣಿ, ಮುದ್ರೆ ಒತ್ತಿಸಿದ ತಕ್ಕಡಿ, ಸೀಲಿಂಗ್ ಮಷಿನ್, ಮಾತಾಡಿ ಪರಿಚಯವಾದ ಮೂವತ್ತು ಗಿರಾಕಿಗಳು ನಿಮ್ಮ ಬಳಿಯೇ ಇರುತ್ತಾರೆ. ಆ ಮೂವತ್ತು ಮಂದಿಗೂ ಮತ್ತೊಮ್ಮೆ ಫೋನ್ ಮಾಡಿ, ಕಳೆದ ತಿಂಗಳು ಊರಿಂದ ಇನ್ನೇನೇನು ತರಿಸಿಕೊಂಡರೆಂದು ಕೇಳಿ. ಕಡಕ್ ರೊಟ್ಟಿಯೋ, ಕರದಂಟೋ, ಮಾದಲಿಯೋ ಎಂದು ಐದಾರು ಮಂದಿ ಒಂದೇ ಹೆಸರು ಹೇಳಿದರೆ, ಮುಂದಿನ 3 ಕಿಲೋ ಅದರದ್ದಾಗಲಿ.